ಗೋಣಿಚೀಲದಲ್ಲಿ ಡ್ರಮ್ ಹೊತ್ತುಕೊಂಡು ಹೋದ ಮೇಸ್ತ್ರಿ: ಚಿಕ್ಕಮಗಳೂರಿನ ಒಂದು ಗ್ಯಾರೇಜು

ಈ ಗ್ಯಾರೇಜಿಗೆ ಬೋರ್ಡ್ ಇದೆ, ಆದರೆ ಅದರ ಅಕ್ಷರಗಳನ್ನು ಎಷ್ಟೋ ಮಳೆಗಾಲಗಳು ತೊಳೆದು ಹಾಕಿವೆ. ಉಪ್ಪಳ್ಳಿ ಕಡೆಯ ಒಳರಸ್ತೆಯೊಂದರಲ್ಲಿ, ಒಂದು ಲೇಥ್ ಅಂಗಡಿಯ ಗೋಡೆಗೆ ಅಂಟಿಕೊಂಡು ನಿಂತಿರುವ ತಗಡಿನ ಶೆಡ್ಡು ಅದು. ಒಳಗೆ ಎರಡು ಕಾರು ನಿಲ್ಲುತ್ತವೆ, ಮೂರನೆಯದು ಬಂದರೆ ರಸ್ತೆಯಲ್ಲೇ ಕಾಯಬೇಕು. ಹೆಸರು, ಫೋನ್ ನಂಬರ್ ಹಾಕಬೇಡಿ ಎಂದು ಮೇಸ್ತ್ರಿ ಕೇಳಿಕೊಂಡರು. “ಈಗ ಬರುತ್ತಿರುವವರ ಕೆಲಸವೇ ಮುಗಿಯುತ್ತಿಲ್ಲ ಟೀಚರ್” ಎಂದರು. ಅವರ ಮಾತಿಗೆ ಬೆಲೆ ಕೊಟ್ಟು ಹೆಸರಿಲ್ಲದೆಯೇ ಬರೆಯುತ್ತಿದ್ದೇನೆ. ಲೇಥ್ ಅಂಗಡಿಯನ್ನು ಕೇಳಿಕೊಂಡು ಹೋದರೆ ಸಿಗುತ್ತದೆ.

ನಾನು ಆಲ್ದೂರಿನ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಚಿಕ್ಕಮಗಳೂರಿನಲ್ಲಿ. ದಿನಕ್ಕೆ ಹೋಗಿ ಬರುವ ದಾರಿ ಸುಮಾರು 40 ಕಿಲೋಮೀಟರ್. ಕಾರು 2013ರ ಮಾರುತಿ ಆಲ್ಟೊ ಕೆ10. ಕಬ್ಬಿಣದ ರಿಮ್, ಚಕ್ರಕ್ಕೆ ನಾಲ್ಕು ನಟ್ಟು, ಮೇಲೆ ಪ್ಲಾಸ್ಟಿಕ್ ಮುಚ್ಚಳ. ಸಂಜೆ ಬಸ್ ತಪ್ಪಿಸಿಕೊಂಡ ಇಬ್ಬರು ಮೂವರು ಹುಡುಗಿಯರು ವಸ್ತಾರೆಯವರೆಗೆ ನನ್ನ ಜೊತೆ ಬರುವುದು ರೂಢಿ.

ಕಳೆದ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ ಆಗಲಿ ಎಂದು ನಾಲ್ಕೂ ಟೈರು ಬದಲಾಯಿಸಿದೆ. ಯಾವ ಅಂಗಡಿ ಎಂದು ಬರೆಯುವುದಿಲ್ಲ. ಇಬ್ಬರು ಹುಡುಗರು ನಟ್ಟು ಬಿಚ್ಚಿ ಬಿಗಿಯುವ ಗಾಳಿ ಗನ್ ಹಿಡಿದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದರು. ಆ ಚುರುಕು ನನಗೆ ಹಿಡಿಸಿತು, ಹೊಗಳಿಯೇ ಬಂದೆ. ಹದಿನೈದು ದಿನ ಕಳೆದ ಮೇಲೆ, ನಿಧಾನಕ್ಕೆ ತಿರುವು ತೆಗೆದುಕೊಳ್ಳುವಾಗ ಹಿಂದಿನಿಂದ ‘ಕಟಕ್’ ಎಂದು ಸಣ್ಣ ಸದ್ದು ಕೇಳತೊಡಗಿತು. ಡಿಕ್ಕಿಯಲ್ಲಿ ಪ್ರಯೋಗಾಲಯದ ಸಾಮಾನು ತುಂಬಿದ ತಗಡಿನ ಪೆಟ್ಟಿಗೆ ಇತ್ತು. ಅದೇ ಅಲುಗಾಡುತ್ತಿದೆ ಎಂದುಕೊಂಡೆ. ಪೆಟ್ಟಿಗೆಯನ್ನು ಇಳಿಸಿ ಒಮ್ಮೆ ಓಡಿಸಿ ನೋಡಿದ್ದರೆ ಸಾಕಿತ್ತು. ಒಂದು ಕಾರಣವನ್ನು ಬದಿಗಿಟ್ಟು ಪರೀಕ್ಷಿಸಿ ಎಂದು ಮಕ್ಕಳಿಗೆ ಪ್ರತಿ ವರ್ಷ ಹೇಳುವ ನಾನು ಅದನ್ನು ಮಾಡಲಿಲ್ಲ. ಈಗಲೂ ಅದು ನನ್ನನ್ನು ಚುಚ್ಚುತ್ತದೆ.

ಜೂನ್ ಕೊನೆಯ ವಾರ, ಸಂಜೆ ನಾಲ್ಕೂವರೆ. ಹುಡುಗಿಯರನ್ನು ವಸ್ತಾರೆಯಲ್ಲಿ ಇಳಿಸಿ ಮುಂದೆ ಬಂದಿದ್ದೆ. ಎಡಗಡೆಯ ಹಿಂದಿನ ಚಕ್ರ ಪಂಕ್ಚರ್ ಆಯಿತು. ಮಳೆ ಜಡಿಯುತ್ತಿತ್ತು. ಸ್ಟೆಪ್ನಿ ಹಾಕುವುದು ನನಗೆ ಹೊಸದಲ್ಲ. ಜಾಕಿ ಕೊಡುವ ಮೊದಲು ನಟ್ಟುಗಳನ್ನು ಸಡಿಲಿಸಿಕೊಳ್ಳೋಣ ಎಂದು ಕಾರಿನ ಜೊತೆ ಬಂದಿದ್ದ ಪಾನ ಹಾಕಿದೆ. ಅಲುಗಲಿಲ್ಲ. ಕೊನೆಗೆ ಚಪ್ಪಲಿ ಬಿಚ್ಚಿ, ಕಾರಿನ ಛಾವಣಿ ಹಿಡಿದುಕೊಂಡು ಪಾನದ ತುದಿಯ ಮೇಲೆಯೇ ನಿಂತೆ. ಆಗಲೂ ಅಲುಗಲಿಲ್ಲ.

ಅಲ್ಲೇ ನಿಂತು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಪಾನದ ಉದ್ದ 25 ಸೆಂಟಿಮೀಟರ್, ನನ್ನ ತೂಕ 58 ಕಿಲೋ. ಎರಡನ್ನೂ ಗುರುತ್ವದ 9.8ರ ಜೊತೆ ಗುಣಿಸಿದರೆ 142 ನ್ಯೂಟನ್ ಮೀಟರ್ ತಿರುಗುಬಲ. ಕಾರಿನ ಕೈಪಿಡಿಯ ಪ್ರಕಾರ ಆ ನಟ್ಟನ್ನು ಬಿಗಿಯಬೇಕಾದದ್ದು 85 ನ್ಯೂಟನ್ ಮೀಟರಿಗೆ. ಅಂದರೆ ಅದೇ ಪಾನದ ತುದಿಯಲ್ಲಿ ಸುಮಾರು 35 ಕಿಲೋ ಭಾರ ಹಾಕಿದರೆ ಬಿಗಿ ಮುಗಿಯಿತು. ಒಂದೇ ತಿಂಗಳ ಹಿಂದೆ ಹಾಕಿದ ನಟ್ಟು, ತುಕ್ಕು ಹಿಡಿಯುವಷ್ಟು ಕಾಲವೂ ಆಗಿಲ್ಲ. ನನ್ನ ಇಡೀ ದೇಹದ ಭಾರಕ್ಕೂ ಅದು ಜಗ್ಗುತ್ತಿಲ್ಲ ಎಂದರೆ, ಗನ್ ಅದನ್ನು ಎಷ್ಟು ಬಿಗಿದಿರಬೇಕು!

ಪಕ್ಕದ ಕಾಫಿ ತೋಟದ ಜೀಪಿನ ಡ್ರೈವರ್ ಹುಡುಗ ನನ್ನನ್ನು ಕಂಡು ನಿಲ್ಲಿಸಿದ. “ಬಿಡಿ ಅಕ್ಕ, ಪೈಪ್ ಹಾಕೋಣ” ಎಂದು ಜೀಪಿನಿಂದ ಮುಕ್ಕಾಲು ಮೀಟರ್ ಉದ್ದದ ಕಬ್ಬಿಣದ ಪೈಪ್ ತಂದು ಪಾನಕ್ಕೆ ತೊಡಿಸಿದ. ಮೊದಲ ಎರಡು ನಟ್ಟು ಕಿರುಚಿಕೊಂಡು ಸಡಿಲವಾದವು. ಮೂರನೆಯದಕ್ಕೆ ಭಾರ ಹಾಕುತ್ತಿದ್ದಂತೆ ‘ಫಟ್’ ಎಂದಿತು. ನಟ್ಟು, ಅದರೊಳಗೆ ಸಿಕ್ಕಿಕೊಂಡ ಅರ್ಧ ಸ್ಟಡ್ (ರಿಮ್ಮಿನ ಹಿಂದಿನಿಂದ ಚಾಚಿರುವ, ನಟ್ಟು ಹತ್ತುವ ಬೋಲ್ಟು) ಎರಡೂ ಒಟ್ಟಿಗೆ ಕೆಸರಿಗೆ ಬಿದ್ದವು. ನಾಲ್ಕನೆಯದು ಮುರಿಯಲಿಲ್ಲ, ಆದರೆ ತಿರುಗುವಾಗ ಕೆರೆಯುತ್ತಾ ಬಂತು. ಹೊರಬಂದ ಮೇಲೆ ನೋಡಿದರೆ ಸ್ಟಡ್ಡಿನ ಮೇಲಿನ ಸುರುಳಿ ಗೆರೆ, ಅಂದರೆ ಥ್ರೆಡ್ಡೇ ಎಳೆ ಎಳೆಯಾಗಿ ನಟ್ಟಿನೊಳಗೆ ಸುತ್ತಿಕೊಂಡಿತ್ತು.

ಆ ಹುಡುಗನ ಬಳಿ ಈ ಮೇಸ್ತ್ರಿಯ ನಂಬರ್ ಇತ್ತು. ಸ್ಟೆಪ್ನಿ ಹಾಕಿ, ಉಳಿದ ಎರಡು ನಟ್ಟು ಬಿಗಿದುಕೊಂಡು ನಿಧಾನವಾಗಿ ಊರು ಸೇರಬಹುದೇ ಎಂದು ಫೋನಿನಲ್ಲಿ ಕೇಳಿದೆ. ಆ ಕಡೆಯಿಂದ ಒಂದು ಕ್ಷಣವೂ ತಡವಾಗದೆ ಉತ್ತರ ಬಂತು: “ಬೇಡ ಟೀಚರ್. ಎರಡು ನಟ್ಟಿನಲ್ಲಿ ಕಾರನ್ನು ತಳ್ಳಬಹುದು, ಓಡಿಸಬಾರದು. ಪಕ್ಕದ ತೋಟದಲ್ಲಿ ನಿಲ್ಲಿಸಿ. ನಾಳೆ ನಾನೇ ಬರುತ್ತೇನೆ.” ತೋಟದವರು ಒಪ್ಪಿದರು. ಕಾಫಿ ಒಣಗಿಸುವ ಕಣ ಆ ಕಾಲಕ್ಕೆ ಖಾಲಿ ಇರುತ್ತದೆ. ನಾಲ್ಕು ಜನ ಸೇರಿ ಕಾರನ್ನು ಅಲ್ಲಿಗೆ ತಳ್ಳಿದೆವು. ನಾನು ಕೊನೆಯ ಬಸ್ಸಿಗೆ ಮನೆಗೆ ಬಂದೆ.

ಮರುದಿನ ಶನಿವಾರ. ಬೆಳಿಗ್ಗೆ ಒಂಬತ್ತಕ್ಕೆ ಮೇಸ್ತ್ರಿ ಬೈಕಿನಲ್ಲಿ ಬಂದರು. ಅರವತ್ತರ ಆಸುಪಾಸಿನ ವಯಸ್ಸು, ತೆಳ್ಳಗಿನ ದೇಹ, ರೈನ್‌ಕೋಟ್ ಮೇಲೆ ಅಡ್ಡಲಾಗಿ ಒಂದು ಕ್ಯಾನ್ವಾಸ್ ಚೀಲ. ಚಾರ್ಮಾಡಿ ಘಾಟಿಯಲ್ಲಿ ಓಡುವ ಲಾರಿಗಳ ರಿಪೇರಿಯಲ್ಲಿ ಕೈ ಪಳಗಿಸಿಕೊಂಡವರಂತೆ. ಅವರು ಮೊದಲು ಮಾಡಿದ್ದು ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟದ್ದು. ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿದರು. ಅದು ಹಿಡಿದಿದ್ದರೆ ಹಿಂದಿನ ಡ್ರಮ್, ಅಂದರೆ ಬ್ರೇಕನ್ನು ಮುಚ್ಚಿಕೊಂಡು ಚಕ್ರದ ಜೊತೆ ತಿರುಗುವ ಕಬ್ಬಿಣದ ಬಟ್ಟಲು, ಹೊರಬರುವುದಿಲ್ಲ. ಜಾಕಿ ಎತ್ತಿದ ಮೇಲೆ ತೋಟದವರಿಂದ ದಪ್ಪನೆಯ ಸಿಲ್ವರ್ ಓಕ್ ದಿಮ್ಮಿಯೊಂದನ್ನು ತರಿಸಿ ಕಾರಿನ ಅಡಿಗೆ ಇಟ್ಟರು. “ಜಾಕಿ ಎತ್ತುವುದಕ್ಕೆ, ಹೊರುವುದಕ್ಕಲ್ಲ” ಎಂದರು. ಇಷ್ಟು ನೋಡಿದ ಮೇಲೆ ನನಗೆ ಧೈರ್ಯ ಬಂತು.

ಚಕ್ರ ತೆಗೆದು, ನಾಲ್ಕೂ ನಟ್ಟುಗಳನ್ನು ಒಂದು ಬಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಂಡರು. ಚೀಲದಿಂದ ಗರಗಸದ ಹಲ್ಲಿನಂಥ ಎಲೆಗಳಿರುವ ಥ್ರೆಡ್ ಗೇಜ್ ತೆಗೆದು ಒಂದೊಂದಕ್ಕೂ ಹಿಡಿದು ನೋಡಿದರು. ಮೂರು ಒಂದೇ ಜಾತಿ. ಕೆರೆಯುತ್ತಾ ಬಂದಿದ್ದ ನಾಲ್ಕನೆಯದು ಬೇರೆ ಜಾತಿ. “ಇದು ನಿಮ್ಮ ಕಾರಿನದಲ್ಲ” ಎಂದು ಅದನ್ನು ನನ್ನ ಅಂಗೈಗೆ ಹಾಕಿದರು.

ಇದು ಎಲ್ಲರಿಗೂ ತಿಳಿದಿರಬೇಕಾದ ಸಂಗತಿ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮಾರುತಿಯ ಹೆಚ್ಚಿನ ಕಾರುಗಳ ಸ್ಟಡ್ 12 ಮಿಲಿಮೀಟರ್ ದಪ್ಪ, ಥ್ರೆಡ್ಡಿನ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವಿನ ದೂರ 1.25 ಮಿಲಿಮೀಟರ್. ಹ್ಯುಂಡೈ, ಹೋಂಡಾ, ಟೊಯೋಟದ ಹಲವು ಕಾರುಗಳಲ್ಲಿ ದಪ್ಪ ಅದೇ 12 ಇರುತ್ತದೆ, ದೂರ ಮಾತ್ರ 1.5. ಎರಡು ನಟ್ಟುಗಳನ್ನು ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 1.5ರ ನಟ್ಟು 1.25ರ ಸ್ಟಡ್ಡಿಗೆ ಕೈಯಲ್ಲಿ ಒಂದೆರಡು ಸುತ್ತು ಹತ್ತುತ್ತದೆ, ಆಮೇಲೆ ಸಿಕ್ಕಿಕೊಳ್ಳುತ್ತದೆ. ಕೈಯಿಂದ ಹಾಕುವವರಿಗೆ ಅಲ್ಲೇ ಅನುಮಾನ ಬರುತ್ತದೆ. ಗನ್ನಿಗೆ ಅನುಮಾನ ಬರುವುದಿಲ್ಲ. ಅದು ಥ್ರೆಡ್ಡನ್ನು ಕೊಯ್ದುಕೊಂಡು ನಟ್ಟನ್ನು ಒಳಗೆ ತಳ್ಳಿಬಿಡುತ್ತದೆ. ನೋಡುವವರಿಗೆ ಅದು ಬಿಗಿಯಾಗಿಯೇ ಕಾಣುತ್ತದೆ. ಆದರೆ ಆ ಬಿಗಿ ಸ್ಟಡ್ಡಿಗೂ ನಟ್ಟಿಗೂ ನಡುವಿನ ಜಗಳದ್ದು, ರಿಮ್ಮನ್ನು ಒತ್ತಿ ಹಿಡಿಯುವ ಬಿಗಿಯಲ್ಲ. ಟೈರ್ ಅಂಗಡಿಯಲ್ಲಿ ನಾಲ್ಕಾರು ಕಾರುಗಳ ನಟ್ಟುಗಳು ಒಂದೇ ಡಬ್ಬಿಯಲ್ಲಿ ಬೆರೆತಿದ್ದಿರಬೇಕು. ಮೇಲೆ ಪ್ಲಾಸ್ಟಿಕ್ ಮುಚ್ಚಳ ಇದ್ದದ್ದರಿಂದ ನನ್ನ ಕಣ್ಣಿಗೂ ಬೀಳಲಿಲ್ಲ.

ಮುರಿದ ಸ್ಟಡ್ಡನ್ನು ಮೇಸ್ತ್ರಿ ತಿರುಗಿಸಿ ತಿರುಗಿಸಿ ನೋಡಿದರು. “ಟೀಚರ್, ಇದು ನಿನ್ನೆ ಮುರಿದದ್ದಲ್ಲ.” ನಾನು ಅದನ್ನು ತೆಗೆದುಕೊಂಡು, ಆಮೇಲೆ ಶಾಲೆಯ ಕೈಲೆನ್ಸಿನಲ್ಲೂ ನೋಡಿದೆ. ಮುರಿದ ಮುಖದ ಮೂರನೆಯ ಒಂದು ಭಾಗ ಕಂದು ಬಣ್ಣಕ್ಕೆ ತಿರುಗಿತ್ತು, ಅದರ ಮೇಲೆ ಕೆರೆಯ ದಡದಲ್ಲಿ ನೀರು ಇಳಿದ ಗುರುತಿನಂತೆ ನಯವಾದ ಬಾಗುಗೆರೆಗಳು. ಉಳಿದ ಭಾಗ ಹರಳು ಹರಳಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಬಿರುಕು ಎಂದೋ ಹುಟ್ಟಿ, ದಿನವೂ ಕೂದಲೆಳೆಯಷ್ಟು ಮುಂದೆ ಸರಿದಿತ್ತು. ಪೈಪ್ ಹಾಕಿದ ಹುಡುಗ ಕೊನೆಯ ತುಂಡನ್ನು ಮಾತ್ರ ಮುರಿದ. ನಾಲ್ಕನೆಯ ನಟ್ಟು ಹಿಡಿಯಬೇಕಾದ ಕಡೆ ಹಿಡಿಯದೆ ಇದ್ದುದರಿಂದ ಅದರ ಪಾಲಿನ ಭಾರವೂ ಪಕ್ಕದ ಸ್ಟಡ್ಡಿನ ಮೇಲೆ ಬಿದ್ದಿತ್ತು. ಚಕ್ರದ ಒಂದೊಂದು ಸುತ್ತಿಗೂ ಅದು ಒಮ್ಮೆ ಬಾಗಿ ಒಮ್ಮೆ ನೆಟ್ಟಗಾಗಿದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿಯುತ್ತೇವಲ್ಲ, ಹಾಗೆಯೇ. ಹುಡುಗಿಯರನ್ನು ಕೂರಿಸಿಕೊಂಡು ಬರುತ್ತಿದ್ದ ಅಷ್ಟೂ ಸಂಜೆಗಳಲ್ಲಿ ಆ ಕಂದು ಭಾಗ ದೊಡ್ಡದಾಗುತ್ತಾ ಹೋಗಿತ್ತು. ಅದನ್ನು ಕೈಯಲ್ಲಿ ಹಿಡಿದು ನಿಂತಾಗ ನನ್ನ ಕಾಲು ನಡುಗಿದ್ದು ನಿಜ.

ಚಕ್ರ ಸ್ಟಡ್ಡುಗಳ ಮೇಲೆ ತೂಗುಬಿದ್ದಿದೆ ಎಂದು ನಾನೂ ಭಾವಿಸಿದ್ದೆ. ಹಾಗಲ್ಲ. ಎರಡು ಅಂಗೈಗಳ ನಡುವೆ ಪುಸ್ತಕವನ್ನು ಒತ್ತಿ ಹಿಡಿದರೆ ಅದು ಜಾರದೆ ನಿಲ್ಲುತ್ತದೆ. ರಿಮ್ ನಿಂತಿರುವುದೂ ಡ್ರಮ್ಮಿನ ಮುಖಕ್ಕೆ ಹಾಗೆ ಒತ್ತಿಕೊಂಡು, ಘರ್ಷಣೆಯ ಬಲದಿಂದ. ಸ್ಟಡ್ಡಿನ ಕೆಲಸ ಆ ಒತ್ತಡ ಕೊಡುವುದು. ನಟ್ಟು ಬಿಗಿದಾಗ ಸ್ಟಡ್ ಸ್ಪ್ರಿಂಗಿನಂತೆ ಹಿಗ್ಗುತ್ತದೆ. ಹಿಗ್ಗಿದ್ದು ಕುಗ್ಗಲು ಎಳೆಯುವ ಬಲವೇ ರಿಮ್ಮನ್ನು ಹಿಡಿದಿಡುತ್ತದೆ. ಒಣ ಉಕ್ಕಿಗೆ ಎಂಜಿನಿಯರುಗಳು ಬಳಸುವ ಸಾಮಾನ್ಯ ಸೂತ್ರ ಹಾಕಿ ನೋಡಿದೆ. 85 ನ್ಯೂಟನ್ ಮೀಟರಿಗೆ ಬಿಗಿದರೆ ಒಂದೊಂದು ಸ್ಟಡ್ಡೂ ಸುಮಾರು ಮೂರೂವರೆ ಟನ್ ಭಾರದಷ್ಟು ಬಲದಿಂದ ರಿಮ್ಮನ್ನು ಒತ್ತುತ್ತದೆ. ನನ್ನ ಇಡೀ ಕಾರು ಒಂದು ಟನ್ ತೂಗುವುದಿಲ್ಲ! ಇಷ್ಟು ಬಲ ಕೊಡುವಾಗ ಸ್ಟಡ್ ಹಿಗ್ಗುವುದು ಕೂದಲಿನ ದಪ್ಪಕ್ಕಿಂತ ಕಡಿಮೆ. ಕಡಿಮೆ ಬಿಗಿದರೆ ಒತ್ತಡ ಸಾಲದು, ರಿಮ್ ಜಾರಿ ಅಲುಗಿ ಸ್ಟಡ್ಡನ್ನು ಬಾಗಿಸುತ್ತದೆ. ಹೆಚ್ಚು ಬಿಗಿದರೆ ಹಿಗ್ಗಿದ ಸ್ಪ್ರಿಂಗ್ ವಾಪಸ್ ಬರುವುದೇ ಇಲ್ಲ. ಇವೆರಡರ ನಡುವಿನ ಜಾಗದಲ್ಲಿ ನಿಲ್ಲಿಸುವುದೇ ಕಸುಬು.

ಮೇಸ್ತ್ರಿ ಡ್ರಮ್ಮಿನ ನಡುವಿನ ಮುಚ್ಚಳ ಕಿತ್ತು, ಒಳಗಿನ ದೊಡ್ಡ ನಟ್ಟು ಬಿಚ್ಚಿ, ಡ್ರಮ್ಮನ್ನು ಹೊರಗೆಳೆದರು. ಸುತ್ತಿಗೆಯಲ್ಲಿ ಹೊಡೆದು ಇಲ್ಲೇ ಸ್ಟಡ್ ಬದಲಾಯಿಸುತ್ತಾರೆ ಎಂದುಕೊಂಡಿದ್ದೆ. ಅವರು ಒಪ್ಪಲಿಲ್ಲ. ಡ್ರಮ್ ಎರಕದ ಕಬ್ಬಿಣ, ಪೆಟ್ಟು ತಪ್ಪಿದರೆ ಬಿರುಕು ಬಿಡುತ್ತದೆ. ಅದರ ನಡುವಿನ ಬೇರಿಂಗಿಗೂ ಪೆಟ್ಟು ಒಳ್ಳೆಯದಲ್ಲ. ತೆರೆದ ಬ್ರೇಕಿಗೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿದರು, ಬ್ರೇಕ್ ಪೆಡಲನ್ನು ಯಾರೂ ತುಳಿಯಬಾರದು ಎಂದು ಎರಡು ಸಲ ಹೇಳಿದರು. ಡ್ರಮ್ಮನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿನ ಹಿಂದೆ ಬಿಗಿದುಕೊಂಡು, ಆ ಮಳೆಯಲ್ಲಿ ಊರಿಗೆ ಹೊರಟರು. ನಾನು ಜೀಪಿನ ಹುಡುಗನ ಜೊತೆ ಹಿಂದೆಯೇ ಹೋದೆ, ನೋಡಲೇಬೇಕೆಂಬ ಹಟದಿಂದ.

ಕೆ.ಎಂ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಎರಡು ಬಗೆಯ ಸ್ಟಡ್ ತೋರಿಸಿದರು. ಒಂದು ಅಗ್ಗದ್ದು, ತಲೆಯ ಮೇಲೆ ಏನೂ ಗುರುತಿಲ್ಲ. ಇನ್ನೊಂದರ ತಲೆಯ ಮೇಲೆ 10.9 ಎಂದು ಒತ್ತಿತ್ತು. ಮೊದಲ ಸಂಖ್ಯೆ ಉಕ್ಕು ಎಷ್ಟು ಎಳೆತ ತಡೆಯುತ್ತದೆ ಎಂಬುದರ ಅಳತೆ, ಅಂದರೆ ಚದರ ಮಿಲಿಮೀಟರಿಗೆ ಸುಮಾರು 1000 ನ್ಯೂಟನ್; ಎರಡನೆಯದು ಅದರ 90 ಶೇಕಡಾದವರೆಗೆ ಎಳೆದರೂ ಹಿಗ್ಗಿದ್ದು ಮತ್ತೆ ಮೊದಲಿನಂತಾಗುತ್ತದೆ ಎಂಬುದರ ಸೂಚನೆ. ಮೇಸ್ತ್ರಿಗೆ ಈ ಲೆಕ್ಕ ಬೇಕಿರಲಿಲ್ಲ. ಗುರುತಿಲ್ಲದ್ದನ್ನು ಕೈಯಲ್ಲೂ ಮುಟ್ಟಲಿಲ್ಲ.

ಎಷ್ಟು ಸ್ಟಡ್ ಬದಲಾಯಿಸಬೇಕು ಎಂಬ ಮಾತು ಬಂತು. ಮುರಿದದ್ದು ಒಂದು, ಥ್ರೆಡ್ ಹೋದದ್ದು ಒಂದು. ಎರಡು ಸಾಕಲ್ಲವೇ ಎಂದೆ. ಅವರು ಹೊಸ ನಟ್ಟೊಂದನ್ನು ನನ್ನ ಕೈಗೆ ಕೊಟ್ಟು, ಚೆನ್ನಾಗಿ ಕಾಣುತ್ತಿದ್ದ ಉಳಿದೆರಡು ಸ್ಟಡ್ಡುಗಳಲ್ಲಿ ಒಂದಕ್ಕೆ ಬೆರಳಿನಿಂದಲೇ ಹಾಕಿ ನೋಡಿ ಎಂದರು. ನಾಲ್ಕೈದು ಸುತ್ತು ಬೆಣ್ಣೆಯಲ್ಲಿ ಹೋದಂತೆ ಹೋಯಿತು. ನಡುವೆ ಒಂದು ಕಡೆ ಹಿಡಿಯಿತು. ಆ ಜಾಗದಲ್ಲಿ ಸ್ಟಡ್ ಎಳೆದುಕೊಂಡು ಥ್ರೆಡ್ಡಿನ ಅಂತರ ಹೆಚ್ಚಾಗಿದೆ. ಇನ್ನೊಂದೂ ಹಾಗೆಯೇ. ಮೇಸ್ತ್ರಿ ಮಾತಿನಲ್ಲಿ ಒಪ್ಪಿಸಲು ಹೋಗದೆ ನನ್ನ ಬೆರಳಿಗೇ ತೋರಿಸಿಕೊಟ್ಟರು. ನಾಲ್ಕನ್ನೂ ಬದಲಾಯಿಸಲು ಹೇಳಿದೆ.

ಪಕ್ಕದ ಲೇಥ್ ಅಂಗಡಿಯ ಪ್ರೆಸ್ಸಿನಲ್ಲಿ ಹಳೆಯವನ್ನು ಒತ್ತಿ ತೆಗೆದರು. ಸ್ಟಡ್ಡಿನ ತಲೆಯ ಕೆಳಗೆ ಉದ್ದುದ್ದ ಹಲ್ಲುಗಳಿರುತ್ತವೆ, ಅವು ಡ್ರಮ್ಮಿನ ತೂತಿನಲ್ಲಿ ಕಚ್ಚಿಕೊಂಡು ಸ್ಟಡ್ ತಿರುಗದಂತೆ ಹಿಡಿಯುತ್ತವೆ. ಪ್ರತಿ ತೂತನ್ನೂ ಟಾರ್ಚ್ ಬಿಟ್ಟು ನೋಡಿದರು. ತೂತು ಸವೆದಿದ್ದರೆ ಹೊಸ ಸ್ಟಡ್ ಹಾಕಿ ಪ್ರಯೋಜನವಿಲ್ಲ, ಡ್ರಮ್ಮೇ ಹೊಸದು ಬೇಕು ಎಂದು ಮೊದಲೇ ಎಚ್ಚರಿಸಿದ್ದರು. ಸವೆದಿರಲಿಲ್ಲ. ಹೊಸ ಸ್ಟಡ್ಡಿನ ಹಲ್ಲುಗಳನ್ನು ಹಳೆಯ ಗೀರುಗಳಿಗೆ ಹೊಂದಿಸಿ, ನೇರವಾಗಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿ, ತಲೆ ಪೂರ್ತಿ ಕೂರುವವರೆಗೆ ಒತ್ತಿದರು. ಹದಿನೈದು ನಿಮಿಷವೂ ಆಗಲಿಲ್ಲ.

ತೋಟಕ್ಕೆ ಮರಳಿ ಡ್ರಮ್ ಹಾಕಿದ ಮೇಲೆ ಚಕ್ರ ಕೂರಿಸುವ ಕೆಲಸಕ್ಕೆ ಅವರು ತೆಗೆದುಕೊಂಡ ಸಮಯ ನೋಡಿ ಜೀಪಿನ ಹುಡುಗನಿಗೆ ಆಶ್ಚರ್ಯ. ಡ್ರಮ್ಮಿನ ಮುಖ, ರಿಮ್ಮಿನ ಹಿಂಬದಿ ಎರಡನ್ನೂ ವೈರ್ ಬ್ರಷ್ಷಿನಿಂದ ಉಜ್ಜಿ ತುಕ್ಕಿನ ಹಕ್ಕಳೆ ತೆಗೆದರು. ಅದು ನಡುವೆ ಉಳಿದರೆ ಓಡುವಾಗ ಪುಡಿಯಾಗಿ, ಬಿಗಿ ತಾನಾಗಿ ಇಳಿಯುತ್ತದೆ. ಮಲೆನಾಡಿನ ಮಳೆಗೆ ರಿಮ್ ಡ್ರಮ್ಮಿಗೆ ಅಂಟದಿರಲೆಂದು ನಡುವಿನ ಉಬ್ಬಿಗೆ ಮಾತ್ರ ಬೆರಳಿನಿಂದ ತೆಳ್ಳಗೆ ಗ್ರೀಸ್ ಸವರಿದರು. ಸ್ಟಡ್ಡಿಗೆ ಹನಿ ಎಣ್ಣೆಯನ್ನೂ ಮುಟ್ಟಿಸಲಿಲ್ಲ. ತುಕ್ಕು ಹಿಡಿಯದಿರಲಿ ಎಂದು ನಮ್ಮ ಮಾವನವರು ಪ್ರತಿ ಮಳೆಗಾಲದಲ್ಲೂ ಎಣ್ಣೆ ಹಾಕಿಸುತ್ತಿದ್ದರು ಎಂದೆ. “ಎಣ್ಣೆ ಹಾಕಿದರೆ ಪಾನಕ್ಕೆ ಅಷ್ಟೇ ಗೊತ್ತಾಗುತ್ತದೆ, ಸ್ಟಡ್ಡಿಗೆ ಜಾಸ್ತಿ ಬೀಳುತ್ತದೆ” ಎಂದರು. ಮನೆಗೆ ಬಂದು ಅದೇ ಸೂತ್ರದಲ್ಲಿ ಘರ್ಷಣೆಯನ್ನು ಕಡಿಮೆ ಮಾಡಿ ನೋಡಿದೆ: ಅದೇ 85ಕ್ಕೆ ಎಳೆತ ಮೂರೂವರೆ ಟನ್ನಿನಿಂದ ನಾಲ್ಕೂವರೆ ಟನ್ನು ದಾಟುತ್ತದೆ. ಕಾರು ಮಾಡುವವರು ಒಣ ಥ್ರೆಡ್ಡಿಗೆಂದೇ ಆ ಅಂಕಿ ಕೊಟ್ಟಿರುತ್ತಾರೆ.

ನಟ್ಟಿನ ಇಳಿಜಾರು ಮುಖ ರಿಮ್ಮಿನ ಕಡೆಗೆ. ನಾಲ್ಕನ್ನೂ ಬೆರಳಿನಿಂದ ಕೊನೆಯವರೆಗೆ ತಿರುಗಿಸಿದರು, ಎಲ್ಲೂ ಹಿಡಿಯಬಾರದು. ಆಮೇಲೆ ಪಾನದಿಂದ ಎದುರುಬದುರಾಗಿ ಹದವಾಗಿ ಬಿಗಿದು, ಕಾರನ್ನು ನೆಲಕ್ಕೆ ಇಳಿಸಿದರು. ಕೊನೆಯಲ್ಲಿ ಚೀಲದಿಂದ, ಮೃದು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಟಾರ್ಕ್ ವ್ರೆಂಚ್, ಅಂದರೆ ಬಿಗಿಯನ್ನು ಅಳೆಯುವ ಪಾನ, ಹೊರಬಂತು. ಹಿಡಿ ತಿರುಗಿಸಿ 85ಕ್ಕೆ ಇಟ್ಟು, ನನ್ನನ್ನು ಕರೆದು ಗೆರೆ ತೋರಿಸಿದರು. ಒಂದೊಂದು ನಟ್ಟಿಗೂ ನಿಧಾನವಾಗಿ ಎಳೆದು ‘ಕ್ಲಿಕ್’ ಎಂದ ತಕ್ಷಣ ಕೈ ನಿಲ್ಲಿಸಿದರು. ಇನ್ನೊಂದು ಸಲ ಎಳೆಯಲಿಲ್ಲ. ಕೆಲಸ ಮುಗಿದ ಮೇಲೆ ಅಳತೆಯನ್ನು ಕೆಳಗಿನ ಗೆರೆಗೆ ಇಳಿಸಿ, ಒರೆಸಿ, ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಒಳಗಿನ ಸ್ಪ್ರಿಂಗ್ ಬಿಗಿದೇ ಇದ್ದರೆ ಅಳತೆ ತಪ್ಪುತ್ತದೆ. ಉಳಿದ ಮೂರು ಚಕ್ರಗಳಲ್ಲೂ ಒಂದೊಂದೇ ನಟ್ಟು ತೆಗೆದು, ಥ್ರೆಡ್ ನೋಡಿ, ಅದೇ ಅಳತೆಗೆ ಬಿಗಿದರು. ಮುಂದಿನ ಬಲ ಚಕ್ರದ ಎರಡು ನಟ್ಟುಗಳ ಇಳಿಜಾರು ಮುಖ ಗೀರಿ ಹಾಳಾಗಿತ್ತು, ಅವನ್ನು ಬದಲಾಯಿಸಿದರು. ನಾನು ಇದನ್ನು ಕೇಳಿರಲಿಲ್ಲ, ಅವರೇ ಮಾಡಿದರು.

“100 ಕಿಲೋಮೀಟರ್ ಓಡಿಸಿ ಶೆಡ್ಡಿಗೆ ಬನ್ನಿ. ಮರೆಯಬೇಡಿ.” ಶಾಲೆಗೆ ಮೂರು ದಿನ ಹೋಗಿ ಬಂದರೆ 120 ಆಯಿತು. ಬುಧವಾರ ಸಂಜೆ ಹೋದೆ. ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕಾರುಗಳ ಹೆಸರು, ಮುಂದೆ ಅಂಕಿ: ಆಲ್ಟೊ 85, ಇನ್ನೋವಾ 103, ಪೋಲೊ 120. ಪೋಲೊಗೆ ಸ್ಟಡ್ಡೇ ಇಲ್ಲ, ಬೋಲ್ಟನ್ನು ಚಕ್ರ ಕೂರುವ ಹಬ್ಬಿಗೆ ನೇರವಾಗಿ ತಿರುಗಿಸುತ್ತಾರೆ ಎಂದು ಅಂದೇ ತಿಳಿದದ್ದು. ವ್ರೆಂಚ್ ಹಾಕಿದಾಗ ಮೂರು ನಟ್ಟು ಅಲುಗದೆ ಕ್ಲಿಕ್ ಎಂದವು. ಒಂದು ಮಾತ್ರ ಬೆರಳಿನ ಅಗಲದಷ್ಟು ತಿರುಗಿ ಆಮೇಲೆ ಕ್ಲಿಕ್ ಎಂದಿತು. ರಿಮ್ಮಿನ ಬಣ್ಣ ಅಲ್ಲಿ ನಟ್ಟಿನ ಅಡಿ ಜಜ್ಜಿಹೋಗಿತ್ತು. ಸ್ಟಡ್ ಹಿಗ್ಗುವುದೇ ಕೂದಲಿಗಿಂತ ಕಡಿಮೆ ಎಂದೆನಲ್ಲ, ಬಣ್ಣದ ಪದರ ಅಷ್ಟು ತಗ್ಗಿದರೆ ಬಿಗಿಯ ದೊಡ್ಡ ಪಾಲು ಕಳೆದುಹೋಗುತ್ತದೆ. ಈ ಎರಡನೆಯ ಭೇಟಿಗೆ ಅವರು ಹಣ ತೆಗೆದುಕೊಳ್ಳಲಿಲ್ಲ. “ಮೊದಲ ಸಲದ ಕೆಲಸ ಇವತ್ತಿಗೆ ಮುಗಿಯಿತು” ಎಂದರು.

ಖರ್ಚು ಹೀಗಿತ್ತು. ನಾಲ್ಕು ಸ್ಟಡ್ಡಿಗೆ 220 ರೂಪಾಯಿ, ಆರು ನಟ್ಟಿಗೆ 270, ಪ್ರೆಸ್ಸಿನವರಿಗೆ 200, ಎರಡು ಸಲ ತೋಟಕ್ಕೆ ಬಂದದ್ದೂ ಸೇರಿ ಮೇಸ್ತ್ರಿಯ ಕೂಲಿ 900. ಒಟ್ಟು 1,590. ಕಾರನ್ನು ಎಳೆಸಿಕೊಂಡು ಬಂದಿದ್ದರೆ ಆ ಬಾಬ್ತೊಂದಕ್ಕೇ ಇದಕ್ಕಿಂತ ಹೆಚ್ಚು ಕೊಡಬೇಕಾಗುತ್ತಿತ್ತು.

ಕೊರತೆಗಳನ್ನೂ ಹೇಳಬೇಕು. ಮುದ್ರಿತ ಬಿಲ್ ಇಲ್ಲ, ನೋಟ್‌ಬುಕ್ ಹಾಳೆಯಲ್ಲಿ ಬರೆದು ಕೊಡುತ್ತಾರೆ. ಕಚೇರಿಗೆ ಲೆಕ್ಕ ಒಪ್ಪಿಸಬೇಕಾದವರಿಗೆ ಇದು ತೊಂದರೆ. ಕೆಲಸದ ನಡುವೆ ಫೋನ್ ಎತ್ತುವುದಿಲ್ಲ, ನಾನು ಸಿಕ್ಕಿದ್ದೇ ಅದೃಷ್ಟ. ಕುಳಿತುಕೊಳ್ಳಲು ಜಾಗವಿಲ್ಲ, ಮಳೆ ಬಂದರೆ ತಗಡಿನ ಸದ್ದಿನಲ್ಲಿ ಮಾತೂ ಕೇಳಿಸುವುದಿಲ್ಲ. ಚಕ್ರದ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಯಂತ್ರಗಳು ಅವರಲ್ಲಿಲ್ಲ. ಇವೆಲ್ಲವನ್ನೂ ನಾನು ಸಹಿಸಿಕೊಳ್ಳುತ್ತೇನೆ. ಒಂದನ್ನು ಮಾತ್ರ ನೇರವಾಗಿಯೇ ಹೇಳಿದೆ: ಟಾರ್ಕ್ ವ್ರೆಂಚಿನ ಅಳತೆಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಅವರು ಮಾಡಿಸಿ ಎರಡು ವರ್ಷ ಆಗಿತ್ತು. ಬೆಂಗಳೂರಿಗೆ ಕಳುಹಿಸಿದರೆ ಹದಿನೈದು ದಿನ ಕೈಯಲ್ಲಿ ಇರುವುದಿಲ್ಲ ಎಂಬ ಅವರ ಕಷ್ಟ ಅರ್ಥವಾಗುತ್ತದೆ. ಆದರೂ ಅಷ್ಟು ಶ್ರದ್ಧೆಯ ಕೆಲಸ ನಿಂತಿರುವುದೇ ಆ ಒಂದು ಉಪಕರಣದ ಮೇಲೆ. ಮಳೆ ಮುಗಿದ ಮೇಲೆ ಕಳುಹಿಸುತ್ತೇನೆ ಎಂದು ಒಪ್ಪಿಕೊಂಡಿದ್ದಾರೆ.

ಟೈರ್ ಅಂಗಡಿಗೂ ಹೋಗಿದ್ದೆ, ಜಗಳಕ್ಕಲ್ಲ. ತಪ್ಪು ನಟ್ಟು, ಮುರಿದ ಸ್ಟಡ್ ಎರಡನ್ನೂ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಮಾಲೀಕರು ಕ್ಷಮೆ ಕೇಳಿ ಸ್ಟಡ್ಡಿನ ಹಣ ಕೊಡಲು ಬಂದರು. ಹಣ ಬೇಡ, ಒಂದೊಂದು ಕಾರಿಗೂ ಒಂದೊಂದು ತಟ್ಟೆ ಇಡಿ, ಗನ್ನಿನಿಂದ ಬಿಚ್ಚಿ, ಆದರೆ ಮೊದಲ ಸುತ್ತುಗಳನ್ನು ಕೈಯಿಂದ ಹಾಕಿ, ಕೊನೆಯ ಬಿಗಿಯನ್ನು ವ್ರೆಂಚಿನಿಂದ ಕೊಡಿ ಎಂದೆ. ಗನ್ನಿನ ಮೇಲೆ ನನಗೆ ಕೋಪವಿಲ್ಲ. ಅದನ್ನು ಹಿಡಿದ ಹುಡುಗರಿಗೆ ಯಾರೂ ಈ ಸಂಗತಿಗಳನ್ನು ಹೇಳಿಕೊಟ್ಟಿಲ್ಲ ಎಂಬುದು ನನ್ನ ಸಂಕಟ.

ಈಗ ಪ್ಲಾಸ್ಟಿಕ್ ಮುಚ್ಚಳಗಳನ್ನು ತೆಗೆದು ಮನೆಯಲ್ಲಿಟ್ಟಿದ್ದೇನೆ. ಪ್ರತಿ ಸೋಮವಾರ ಹೊರಡುವ ಮೊದಲು ಹದಿನಾರು ನಟ್ಟುಗಳ ಮೇಲೂ ಕಣ್ಣಾಡಿಸುತ್ತೇನೆ. ನಟ್ಟಿನ ಬುಡದಿಂದ ರಿಮ್ಮಿನ ಮೇಲೆ ಕೆಂಪು ತುಕ್ಕಿನ ಗೆರೆ ಹೊರಟಿದ್ದರೆ ಅದು ಅಲುಗುತ್ತಿದೆ ಎಂದು ಮೇಸ್ತ್ರಿ ಹೇಳಿಕೊಟ್ಟಿದ್ದಾರೆ. ಡಿಕ್ಕಿಯಲ್ಲಿ ಉದ್ದ ಹಿಡಿಯ ಪಾನವೊಂದಿದೆ, ಬಿಚ್ಚುವುದಕ್ಕೆ ಮಾತ್ರ.

ಅವರ ಬಳಿ ಹೋಗುವವರು ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಹೋಗಿ. ಆಮೇಲೆ ಹೋದರೆ ಮರುದಿನಕ್ಕೆ ಹೇಳುತ್ತಾರೆ. ಕಾರಿನ ಕೈಪಿಡಿ ಇದ್ದರೆ ತೆಗೆದುಕೊಂಡು ಹೋಗಿ. ಗೋಡೆಯಲ್ಲಿ ನಿಮ್ಮ ಕಾರಿನ ಅಂಕಿ ಇಲ್ಲದಿದ್ದರೆ ಅವರು ಅಂದಾಜಿನಲ್ಲಿ ಬಿಗಿಯುವುದಿಲ್ಲ, ಕೈಪಿಡಿಯ ಪುಟ ನೋಡಿ, ಸೀಮೆಸುಣ್ಣದಲ್ಲಿ ಬರೆದುಕೊಂಡ ಮೇಲೆಯೇ ವ್ರೆಂಚ್ ಕೈಗೆ ತೆಗೆದುಕೊಳ್ಳುತ್ತಾರೆ.